ಕೀಲಿಕೈ ಕಚ್ಚಿದ ನರಿ

ಜಪಾನಿನ ಕ್ಯೋಟೋ ಊರಿನ ಗುಡಿಗಳನ್ನು ತೋರಿಸುವಾಕೆ ಹಳದಿ ಕೊಡೆ ಎತ್ತಿ ಹಿಡಿದು ಮುಂದೆ ನಡೆದಿದ್ದಳು. ಲಂಡನ್ನಿನಿಂದ ಬಂದ ನಾವು ಇಪ್ಪತ್ತು ಜನ ಅವಳ ಹಿಂದೆ. ನಾಲ್ಕನೆಯ ಗುಡಿ ಗುಡ್ಡದ ಮೇಲಿತ್ತು. ಇಳಿಯುವಾಗ ನನ್ನ ಮೊಣಕಾಲು ಹಿಡಿದುಕೊಂಡಿತು. ಸೊಸೆಯೂ ನನ್ನ ಜೊತೆ ಮೆಟ್ಟಿಲ ಮೇಲೆ ಕುಳಿತಳು. ಎದ್ದು ನೋಡಿದರೆ ಕೊಡೆಯೂ ಇಲ್ಲ, ಜನವೂ ಇಲ್ಲ. ನಾಲ್ಕು ಗಂಟೆಗೆ ಬಸ್ಸು ಹೊರಡುವುದಿತ್ತು.

ಮುಂದೆ ದಾರಿ ಮೂರು ಕಡೆ ಒಡೆದಿತ್ತು. ನಾನು ಕನ್ನಡವನ್ನೇ ಅಕ್ಷರ ಕೂಡಿಸಿ ಓದಬೇಕು. ಸೊಸೆ ಡಾಕ್ಟರು, ಲಂಡನ್ನಿನಲ್ಲಿ ಬೋರ್ಡು, ಔಷಧದ ಚೀಟಿ ಎಲ್ಲ ನನಗೆ ಓದಿ ಹೇಳುವವಳು ಅವಳೇ. ಇಲ್ಲಿ ಇಂಗ್ಲಿಷ್ ಇಲ್ಲದ ಬೋರ್ಡಿನ ಮುಂದೆ ನಿಂತು ಬೆವರಿದಳು.

"ಅತ್ತಿ, ಒಂದಕ್ಷರ ತಿಳೀವಲ್ದು. ಏನ್ ಮಾಡೂಣು?"

"ನನಗ ಎಲ್ಲಾ ಊರಾಗೂ ಹಿಂಗ ಆಗ್ತದ. ಸುಮ್ನ ಬಾ," ಎಂದೆ.

ಹತ್ತುವಾಗಲೇ ಗುರುತು ಇಟ್ಟುಕೊಂಡಿದ್ದೆ. ನಮ್ಮಲ್ಲಿ ಬಸವಣ್ಣನನ್ನು ಕೂರಿಸುವ ಜಾಗದಲ್ಲಿ ಇವರು ಕಲ್ಲಿನ ನರಿ ಕೂರಿಸಿದ್ದಾರೆ. ಮೊದಲು ಕಿವಿ ಮುರಿದ ನರಿ ಸಿಕ್ಕಿತು, ಆಮೇಲೆ ಬಾಯಲ್ಲಿ ಕೀಲಿಕೈ ಕಚ್ಚಿದ್ದು. ಅದರ ಎಡಕ್ಕೆ ಇಳಿದೆವು. ಹಳದಿ ಕೊಡೆ ಕಂಡಿತು. ಸೊಸೆ ಉಸಿರು ಬಿಟ್ಟಳು.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು: "ಅಲ್ರೀ ಅತ್ತಿ, ಲಂಡನ್ನಿನ ಟ್ಯೂಬ್ ರೈಲಿನ್ಯಾಗ ಒಬ್ಬರ ಬರ್ತೀರಲ್ಲ, ನಮ್ಮ ಸ್ಟ್ಯಾನ್ಮೋರ್ ಬಂತಂತ ಹೆಂಗ ಗೊತ್ತಾಗ್ತದ?"

"ಅದು ಕಡೀ ಸ್ಟೇಷನ್ ಅಲ್ಲೇನು? ಎಲ್ಲಾರೂ ಇಳದ್ರ ನಾನೂ ಇಳೀತೀನಿ."