ಥಾರ್ನ್‌ಬೆಕ್‌ನ ಒಬ್ಬ ಮತದಾರ

ಕೇಶವಯ್ಯನವರ ಊಟದ ಮೇಜಿನ ಹಿಂದಿನ ಗೋಡೆಯ ಮೇಲೆ ದೇವರ ಪಟವಿರಲಿಲ್ಲ, ಕ್ಯಾಲೆಂಡರ್ ಇರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಒಂದು ಉದ್ದನೆಯ ಚಾರ್ಟ್ ಕಾಗದ ಅಂಟಿಸಿತ್ತು. ಔಷಧಿಯ ಶುದ್ಧತೆ ಅಳೆಯುವ ಹಳೆಯ ಯಂತ್ರಗಳಲ್ಲಿ ಮುಳ್ಳೊಂದು ಏರಿಳಿತ ಬರೆಯುತ್ತಿತ್ತಲ್ಲ, ಅದರ ಸುರುಳಿ. ಫ್ಯಾಕ್ಟರಿ ಬಿಸಾಕಿದ್ದನ್ನು ಅವರು ಮನೆಗೆ ತಂದಿದ್ದರು. ಅದರ ಮೇಲೆ ಕೆಂಪು, ನೀಲಿ, ಹಳದಿ ಶಾಯಿಯ ಮೂರು ಗೆರೆಗಳು ಒಂದನ್ನೊಂದು ಹಾಯ್ದುಕೊಂಡು ಹೋಗುತ್ತಿದ್ದವು. ನೈರೋಬಿಯ ಸೌತ್ ಸಿ ಬಡಾವಣೆಯ ಆ ಫ್ಲ್ಯಾಟಿಗೆ ಮೊದಲ ಸಲ ಹೋದಾಗ ನಾನು, ಇದು ಯಾವ ಮಾತ್ರೆಯದು ಸರ್ ಎಂದು ಕೇಳಿದ್ದೆ.

"ಮಾತ್ರೆ ಅಲ್ಲ ಕಣಯ್ಯ, ಥಾರ್ನ್‌ಬೆಕ್. ಬ್ರಿಟಿಷ್ ಪಾರ್ಲಿಮೆಂಟಿನ ಒಂದು ಸೀಟು," ಎಂದರು. ಕಾಗದದ ಅಂಚನ್ನು ಒತ್ತಿ ಸರಿಮಾಡಿ, "ನನ್ನ ಕ್ಷೇತ್ರ," ಎಂದರು.

ಥಾರ್ನ್‌ಬೆಕ್ ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರು. ಬಟ್ಟೆಗೆ ಬಣ್ಣ ಹಾಕುವ ಕೆಮಿಸ್ಟ್ರಿ ಕಲಿಯಲು ಹತ್ತೊಂಬತ್ತನೇ ವಯಸ್ಸಿನಲ್ಲಿ ಹೋಗಿ, ಗಿರಣಿಯಲ್ಲಿ ಪಾಳಿ ಕೆಲಸ ಮಾಡಿಕೊಂಡು ಓದಿ, ಎರಡು ವರ್ಷ ತುಂಬುವ ಮೊದಲೇ ವಾಪಸಾದವರು ಅವರು. ಆಮೇಲೆ ಬೊಂಬಾಯಿ, ಆಮೇಲೆ ಮೂವತ್ತು ವರ್ಷಕ್ಕೂ ಮೀರಿ ನೈರೋಬಿ. ಆದರೂ ಚಾರ್ಟಿನಲ್ಲಿ ಆ ಕ್ಷೇತ್ರದ ಒಂದು ಚುನಾವಣೆಯೂ ಬಿಟ್ಟುಹೋಗಿರಲಿಲ್ಲ. ಪಕ್ಷಕ್ಕೊಂದು ಬಣ್ಣ. ಯಾರು ನಿಂತರು, ಯಾರ ಠೇವಣಿ ಹೋಯಿತು, ಯಾವ ಗಿರಣಿ ಮುಚ್ಚಿದ ಮೇಲೆ ಕೆಂಪು ಗೆರೆ ಕುಸಿಯಿತು, ಎಲ್ಲವೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಫ್ಯಾಕ್ಟರಿಗೆ ಹೋಗುವಾಗ ಮೊಂಬಾಸಾ ರೋಡಿನ ಟ್ರಾಫಿಕ್ಕಿನಲ್ಲಿ, ಮಟಾಟು ವ್ಯಾನುಗಳ ಹಾರ್ನ್ ನಡುವೆ ಅದನ್ನೆಲ್ಲ ನನಗೆ ಒಪ್ಪಿಸುತ್ತಿದ್ದರು. ಉಪಚುನಾವಣೆ ಅವರ ಬಾಯಲ್ಲಿ ರೀ-ಟೆಸ್ಟ್, ಮರುಎಣಿಕೆ ಡುಪ್ಲಿಕೇಟ್ ರನ್. "ಒಂದು ರಿಸಲ್ಟ್ ನೋಡಿ ಬ್ಯಾಚ್ ರಿಜೆಕ್ಟ್ ಮಾಡಬಾರದು," ಎನ್ನುತ್ತಿದ್ದರು. "ಟ್ರೆಂಡ್ ನೋಡು."

ನಮ್ಮ ಔಷಧಿ ಫ್ಯಾಕ್ಟರಿಯ ಗುಣಮಟ್ಟ ವಿಭಾಗಕ್ಕೆ ಅವರೇ ಮುಖ್ಯಸ್ಥರು. ನಿವೃತ್ತಿಯಾದ ಮೇಲೂ ಕಂಪನಿ ಅವರನ್ನು ಸಲಹೆಗಾರರೆಂದು ಉಳಿಸಿಕೊಂಡಿತ್ತು. ಕೀನ್ಯಾದ ಸಹೋದ್ಯೋಗಿಗಳು ಹಿರಿಯರಿಗೆ ಕೂಗುವಂತೆ ಅವರನ್ನು ಮ್ಜೇ ಎಂದು ಕೂಗುತ್ತಿದ್ದರು. ನಾನು ಬೆಂಗಳೂರಿನಿಂದ ಬಂದ ಮೊದಲ ದಿನ ಅವರು ನನ್ನ ಕೈಗೆ ಒಂದು ಸೀಸೆ ಕೊಟ್ಟು ಪರೀಕ್ಷಿಸಲು ಹೇಳಿದರು. ಸಂಜೆಯವರೆಗೆ ಒದ್ದಾಡಿ ಉತ್ತರ ತಂದರೆ, ಡ್ರಾಯರಿನಿಂದ ಮೊದಲೇ ಬರೆದಿಟ್ಟಿದ್ದ ಉತ್ತರ ತೆಗೆದು ಪಕ್ಕದಲ್ಲಿಟ್ಟರು. ಹೊಸಬರಿಗೆ ಉತ್ತರ ಗೊತ್ತಿರುವ ಸ್ಯಾಂಪಲ್ಲನ್ನೇ ಕೊಡಬೇಕಂತೆ. ಅದೇ ದಿನ ಇನ್ನೊಂದು ಹೇಳಿದರು. "ತಪ್ಪು ಬರೆದರೆ ಅಳಿಸಬೇಡ, ಮೇಲೆ ಗೀಚಬೇಡ. ಒಂದೇ ಗೆರೆ ಹೊಡಿ, ಕೆಳಗಿರೋದು ಓದೋ ಹಾಗಿರಬೇಕು. ಸರಿ ಉತ್ತರ, ಸಹಿ, ತಾರೀಕು, ಕಾರಣ. ಮುಗೀತು."

ಮೊದಲ ದಿನ ಎಂದೆ. ಬಹುಶಃ ಎರಡನೆಯ ವಾರ. ನೆನಪು ಇಂಥದ್ದನ್ನೆಲ್ಲ ಒಂದೇ ದಿನಕ್ಕೆ ತಂದು ಜೋಡಿಸುತ್ತದೆ.

ಥಾರ್ನ್‌ಬೆಕ್ ಯಾಕೆ ಎಂಬುದಕ್ಕೆ ಉತ್ತರ ಸರಳ. ಅವರು ಬದುಕಿನಲ್ಲಿ ಮತ ಹಾಕಿದ್ದು ಅಲ್ಲಿ, ಒಂದೇ ಸಲ. ಆಗ ನಮ್ಮಲ್ಲಿ ಇಪ್ಪತ್ತೊಂದು ತುಂಬಬೇಕಿತ್ತು, ಅಲ್ಲಿ ಹದಿನೆಂಟು ಸಾಕಿತ್ತು. ಕಾಮನ್‌ವೆಲ್ತ್ ದೇಶದವನಾದ್ದರಿಂದ ಭಾರತೀಯನೂ ಅಲ್ಲಿ ಮತದಾರನೇ. ಮನೆಯೊಡತಿ ಫಾರಂ ತುಂಬಿಸಿದಳು, ಹೆಸರು ಹೊತ್ತ ಒಂದು ಕಾರ್ಡ್ ಬಂತು, ಶಾಲೆಯ ಹಾಲಿನಲ್ಲಿ ದಾರ ಕಟ್ಟಿದ್ದ ಪೆನ್ಸಿಲಿನಿಂದ ಕತ್ತರಿ ಗುರುತು ಹಾಕಿದರು. ಬೊಂಬಾಯಿಯ ಬಾಡಿಗೆ ಕೋಣೆಗಳಲ್ಲಿ ಅವರ ಹೆಸರು ಯಾವ ಪಟ್ಟಿಗೂ ಸೇರಲಿಲ್ಲ. ನೈರೋಬಿಯಲ್ಲಿ ಪಾಸ್‌ಪೋರ್ಟ್ ಭಾರತದ್ದೇ ಆದ್ದರಿಂದ ಇಲ್ಲಿಯ ಮತವಿಲ್ಲ. ಒಮ್ಮೆ ರಜೆ ಹಾಕಿ, ಅರ್ಜಿಗಳನ್ನೆಲ್ಲ ಕಳಿಸಿ, ಮೈಸೂರಿಗೆ ಹಾರಿದರು. ಸಾಲಿನಲ್ಲಿ ನಿಂತು ತಮ್ಮ ಸರದಿ ಬಂದಾಗ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಆ ಒಂದು ಮತದ ಕತೆಯೂ ಒಂದೇ ಥರ ಇರಲಿಲ್ಲ. ಒಮ್ಮೆ ಅಂದು ಹಿಮ ಬೀಳುತ್ತಿತ್ತು, ಇನ್ನೊಮ್ಮೆ ಬಿಸಿಲಿತ್ತು. ಹಳದಿಗೆ ಹಾಕಿದೆ ಎಂದವರು ಮರುತಿಂಗಳು ಕೆಂಪಿಗೆ ಎಂದರು. ಇಲ್ಲೇ ನೈರೋಬಿಯ ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್ಕಿಗೆ ನಾನು ಅವರನ್ನು ಇಸಿಜಿ ಮಾಡಿಸಲು ಕರೆದೊಯ್ಯುತ್ತಿದ್ದಾಗ, ಮತದ ದಿನ ಗಿರಣಿಯ ಪಾಳಿ ಬಿಡುವ ಹೊತ್ತು, ಶಾಲೆಯ ಬಾಗಿಲಲ್ಲಿ ದೊಡ್ಡ ಕ್ಯೂ ಇತ್ತು, ತಮಗೂ ಪಾಳಿಗೆ ತಡವಾಗಿತ್ತು ಎಂದು ಶುರುಮಾಡಿ ಕಿಟಕಿಯ ಕಡೆ ತಿರುಗಿದರು. ಮುಂದೇನಾಯಿತು ಎಂದು ನಾನು ಕೇಳಲಿಲ್ಲ. ಅಥವಾ ಕೇಳಿದೆ, ಅವರು ಹೇಳಲಿಲ್ಲ.

ಇಲ್ಲಿ ಚುನಾವಣೆ ಬಂದರೆ ಗಲಭೆಯ ಭಯಕ್ಕೆ ನಮ್ಮವರು ಅಕ್ಕಿ, ಬೇಳೆ, ಹಾಲಿನ ಪುಡಿ ತುಂಬಿಟ್ಟುಕೊಂಡು ಪಾಸ್‌ಪೋರ್ಟ್ ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹಿಂದಿನ ಚುನಾವಣೆಯ ವಾರ ಫ್ಯಾಕ್ಟರಿ ಮುಚ್ಚಿತ್ತು. ಕೇಶವಯ್ಯನವರು ನಮ್ಮನ್ನು ಊಟಕ್ಕೆ ಕರೆದರು. ಅವರ ಮನೆಗೆಲಸದ ಆಗ್ನೆಸ್ ಮತ ಹಾಕಲು ಬಸ್ಸಿನಲ್ಲಿ ಊರಿಗೆ ಹೋಗಿ ಅಂದು ಬೆಳಿಗ್ಗೆ ಹಿಂತಿರುಗಿದ್ದಳು. ಅವಳು ಚಪಾತಿ ಬಡಿಸುವಾಗ ಅವರು ಅವಳ ಬೆರಳು ಹಿಡಿದು, ಬೆಳಕಿಗೆ ತಿರುಗಿಸಿ, ಶಾಯಿಯ ಕಲೆಯನ್ನು ಮಾತ್ರೆ ನೋಡುವಂತೆ ನೋಡಿದರು. ಎಷ್ಟು ದಿನ ಇರುತ್ತದೆ ಎಂದು ಕೇಳಿದರು. ಪಾತ್ರೆ ತಿಕ್ಕುವವಳಿಗೆ ಬೇಗ ಹೋಗುತ್ತದೆ, ನಿಮಗೆ ಹಾಕಿದ್ದರೆ ವರ್ಷವಿಡೀ ಇರುತ್ತಿತ್ತು ಮ್ಜೇ ಎಂದು ಅವಳು ನಕ್ಕಳು.

"ಸಿಲ್ವರ್ ನೈಟ್ರೇಟು," ಎಂದರು ನಮ್ಮ ಕಡೆ ತಿರುಗಿ. "ನಮ್ಮ ಮೈಸೂರಲ್ಲೇ ಮಾಡಿದ್ದಿರಬೇಕು. ಎಲ್ಲೆಲ್ಲಿಗೋ ಕಳಿಸ್ತಾರೆ."

ಹನ್ನೆರಡರ ನನ್ನ ಮಗಳು ಗೋಡೆಯನ್ನೇ ನೋಡುತ್ತಿದ್ದಳು. "ಬಟ್ ಅಂಕಲ್, ಯು ಡೋಂಟ್ ಈವನ್ ಲಿವ್ ದೇರ್," ಎಂದಳು.

"ಇರೋ ಜಾಗದಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ ಮರಿ," ಎಂದರು ಅವರು. "ಅಲ್ಲಿ ಒಂದ್ಸಲ ಕೇಳಿದ್ರು."

ಅದಾದ ಮೇಲೆ ಬ್ರಿಟನ್ನಿನಲ್ಲಿ ಕ್ಷೇತ್ರಗಳ ಗಡಿ ಹೊಸದಾಗಿ ಎಳೆದರು. ಥಾರ್ನ್‌ಬೆಕ್‌ನ ಅರ್ಧ ಒಂದು ಪಕ್ಕದ ಕ್ಷೇತ್ರಕ್ಕೆ, ಅರ್ಧ ಇನ್ನೊಂದಕ್ಕೆ ಹೋಯಿತು. ಹೆಸರೇ ಉಳಿಯಲಿಲ್ಲ. ಅಲ್ಲಿಯ ಮುಂದಿನ ಚುನಾವಣೆಯ ಮರುದಿನ ನಾನು ಹೋದಾಗ ಕೇಶವಯ್ಯನವರು ಮೂರೂ ಪೆನ್ನುಗಳ ಮುಚ್ಚಳ ತೆಗೆದಿಟ್ಟುಕೊಂಡು ಕೂತಿದ್ದರು. ಎರಡು ಕ್ಷೇತ್ರಗಳ ಸರಾಸರಿ ಹಾಕಬಹುದಲ್ಲ ಸರ್ ಎಂದೆ. ಎರಡು ಬೇರೆ ಬ್ಯಾಚ್ ಬೆರೆಸಿ ಟೆಸ್ಟ್ ಮಾಡುತ್ತಾರೇನಯ್ಯ ಎಂದರು. ಚಾರ್ಟಿನ ಕೊನೆಯಲ್ಲಿ ಒಂದು ಗೇಣು ಕಾಗದ ಖಾಲಿ ಉಳಿಯಿತು. ಅವರು ಲ್ಯಾಬಿಗೆ ಬರುವುದು ಕಡಿಮೆಯಾಯಿತು. ಬಂದರೂ ಟ್ರೆಂಡಿನ ಮಾತಿಲ್ಲ.

ಹೊಸ ಯಂತ್ರದ ತರಬೇತಿಗೆ ಕಂಪನಿ ನನ್ನನ್ನು ಒಂದು ವಾರ ಇಂಗ್ಲೆಂಡಿಗೆ ಕಳಿಸಿತು. ಥಾರ್ನ್‌ಬೆಕ್ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ.

"ಟೌನ್ ಲೈಬ್ರರೀಲಿ ಹಳೇ ವೋಟರ್ಸ್ ಲಿಸ್ಟ್ ಇಟ್ಟಿರ್ತಾರೆ," ಎಂದರು. "ನನ್ನ ಹೆಸರಿದೆಯಾ ನೋಡ್ಕೊಂಡು ಬಾ. ಫೋಟೋ ಎಲ್ಲ ಬೇಡ. ನೀನು ನೋಡಿದ್ರೆ ಸಾಕು."

ನಾನು ಹೋಗಲಿಲ್ಲ. ಈ ವಾಕ್ಯದ ಮುಂದೆ ಕಾರಣ ಬರೆಯಲು ಮೂರು ಸಲ ಕೂತೆ. ಮಳೆ ಎಂದು ಬರೆದೆ, ರೈಲು ರದ್ದಾಯಿತು ಎಂದು ಬರೆದೆ. ಮೂರನೆಯದು ನಿಜವಿರಬೇಕು, ಏಕೆಂದರೆ ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ. ಬಿಡುವಿದ್ದ ಒಂದೇ ದಿನ ಸಹೋದ್ಯೋಗಿಗಳ ಜೊತೆ ಅಗ್ಗದ ಮಾಲ್ ಸುತ್ತಿ ಮಗಳಿಗೆ ಶೂ ಕೊಂಡೆ.

ವಾಪಸು ಬಂದ ದಿನವೇ ಸೌತ್ ಸಿಗೆ ಹೋದೆ. ಅವರು ಬಾಗಿಲಲ್ಲೇ ನಿಂತಿದ್ದರು.

"ಇದೆ ಸರ್," ಎಂದೆ.

"ಇದೆಯಾ." ಕೂತರು. "ಹೆಸರಿನ ಮುಂದೆ ನಂಬರ್ ಇರುತ್ತಲ್ಲ. ಎಷ್ಟು?"

"ನಾನೂರ ಹದಿನೇಳು."

ಅವರು ಎದ್ದು, ಕಪ್ಪು ಪೆನ್ನು ಹುಡುಕಿ, ಚಾರ್ಟಿನ ಎಡತುದಿಯಲ್ಲಿ, ಮೂರು ಗೆರೆಗಳು ಹುಟ್ಟುವ ಜಾಗದ ಕೆಳಗೆ, 417 ಎಂದು ಬರೆದರು. ಆಗ್ನೆಸ್‌ಗೆ ಕಾಫಿ ಮಾಡಲು ಹೇಳಿದರು. ಊರು ಹೇಗಿದೆ ಎಂದು ಕೇಳಿದರು. ನಾನು ಸೇತುವೆ, ಮಳೆ, ಕೆಂಪಿಟ್ಟಿಗೆಯ ಗೋಡೆಗಳನ್ನು ವರ್ಣಿಸಿದೆ. ಎಲ್ಲವೂ ಶೂ ಕೊಂಡ ಊರಿನವು. ಅವರು ಮಧ್ಯೆ ಒಂದು ಪ್ರಶ್ನೆಯನ್ನೂ ಹಾಕದೆ ಕೇಳಿದರು.

ಅದಾದ ಮೇಲೆ ಏಳು ತಿಂಗಳು ಬದುಕಿದ್ದರು. ಶನಿವಾರಗಳಂದು ಹೋದರೆ ಕಾಫಿ ಕೊಡುತ್ತಿದ್ದರು, ಮಗಳ ಪರೀಕ್ಷೆ ವಿಚಾರಿಸುತ್ತಿದ್ದರು. ಥಾರ್ನ್‌ಬೆಕ್ ಎಂಬ ಮಾತು ಮತ್ತೆ ಬರಲಿಲ್ಲ. ಒಂದು ಬೆಳಿಗ್ಗೆ ಆಗ್ನೆಸ್ ಫೋನ್ ಮಾಡಿ, ಮ್ಜೇ ಏಳುತ್ತಿಲ್ಲ ಎಂದಳು. ಮೈಸೂರಿನ ತಮ್ಮನ ಮಗ, ಸಾಮಾನೆಲ್ಲ ಯಾರಿಗಾದರೂ ಕೊಟ್ಟುಬಿಡಿ ಎಂದ.

ಚಾರ್ಟ್ ಬಿಡಿಸಲು ಬಲಗಡೆಯಿಂದ, ಖಾಲಿ ಉಳಿದಿದ್ದ ಗೇಣಿನಿಂದ ಶುರುಮಾಡಿದೆ. ಎಡತುದಿಯ ಹಿಂದೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಳೆಯ ಒಂದು ಕಾರ್ಡ್ ಅಂಟಿತ್ತು. ಮನೆಯೊಡತಿ ಫಾರಂ ತುಂಬಿಸಿದ ಮೇಲೆ ಬಂದಿದ್ದ ಕಾರ್ಡ್. ಥಾರ್ನ್‌ಬೆಕ್, ಕೇಶವಯ್ಯನವರ ಹೆಸರು, ಪಟ್ಟಿಯ ನಂಬರ್ 1163. ಅವರಿಗೆ ಉತ್ತರ ಮೊದಲೇ ಗೊತ್ತಿತ್ತು.

ಪರೀಕ್ಷೆ ಮಾಡಬೇಕೆಂದೇ ಕೇಳಿದರೋ, ಸಂತೋಷಕ್ಕೆ ಸುಮ್ಮನೆ ಕೇಳಿದರೋ, ಗೊತ್ತಿಲ್ಲ. ಈ ಕಾರ್ಡಿನಿಂದ ಅವರ ಹೆಸರು ಪಟ್ಟಿಯಲ್ಲಿತ್ತು ಎಂದಷ್ಟೇ ತಿಳಿಯುತ್ತದೆ. ಅವರು ಆ ಕ್ಯೂನಲ್ಲಿ ನಿಂತರೋ, ಪಾಳಿಗೆ ಓಡಿದರೋ ತಿಳಿಯುವುದಿಲ್ಲ. ಅಲ್ಲಿ ಬೆರಳಿಗೆ ಶಾಯಿ ಹಚ್ಚುವುದಿಲ್ಲ. ನನ್ನಿಂದ ಅವರು ಕೇಳಿದ್ದು ಅದನ್ನೂ ಅಲ್ಲ. ಆ ಊರಿನಲ್ಲಿ ತಮ್ಮ ಹೆಸರನ್ನು ಇನ್ನೊಬ್ಬ ಒಂದು ಸಲ ನೋಡಬೇಕು, ಅಷ್ಟೇ.

ಆಮೇಲೆ ಚಾರ್ಟನ್ನು ತಿರುಗಿಸಿ, ಏಳು ತಿಂಗಳೂ ನಾನು ಕಣ್ಣು ತಪ್ಪಿಸುತ್ತಿದ್ದ ಆ ತುದಿಯನ್ನು ನೋಡಿದೆ. ನನ್ನ 417ರ ಮೇಲೆ ಅಡ್ಡಡ್ಡ ಒಂದೇ ಗೆರೆ, ಕೆಳಗಿರುವುದು ಓದುವ ಹಾಗೆ. ಪಕ್ಕದಲ್ಲಿ 1163. ಸಹಿ. ತಾರೀಕು ನಾನು ಕಾಫಿ ಕುಡಿದು ಎದ್ದುಹೋದ ಅದೇ ದಿನದ್ದು. ಇಡೀ ಚಾರ್ಟ್ ಇಂಗ್ಲಿಷಿನಲ್ಲಿತ್ತು, ಕೊನೆಯ ಸಾಲೊಂದು ಮಾತ್ರ ಕನ್ನಡದಲ್ಲಿ:

ಕಾರಣ: ಕೇಳಿದವನ ತಪ್ಪು.