ಅತ್ತೆಯ ಹೆಬ್ಬೆಟ್ಟನ್ನು ಕಾದಿಟ್ಟವರು

ಮದ್ದೂರಿನ ಪ್ರೆಸ್ಸಿನಣ್ಣನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ನೀಲಿ, ಅರ್ಧ ಬಿಳಿ. ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದರು. ಶಾಯಿ ಮಾತ್ರ ಜಗ್ಗುತ್ತಿರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇವತ್ತು ಕೂತು ಇಷ್ಟುದ್ದ ಬರೆಯುತ್ತಿದ್ದೇನೆ ಅಂದರೆ, ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೆ.

ನಮ್ಮದು ಯಲಿಯೂರಿನ ಪಕ್ಕ ಆಲೆಮನೆ. ನಮ್ಮತ್ತೆಯ ಹೆಸರೇ ನಮ್ಮ ಬೆಲ್ಲದ ಹೆಸರು. ಅದರ ಲೇಬಲ್ಲನ್ನು ಮೊದಲಿನಿಂದಲೂ ಅಚ್ಚು ಹಾಕಿದವರು ಪ್ರೆಸ್ಸಿನಣ್ಣ. ಅವರದೊಂದು ಪದ್ಧತಿ. ಯಾವ ಕೆಲಸವಾದರೂ ಮೊದಲ ಹಾಳೆಯನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ಒಪ್ಪಿಗೆ ಅಂತ ಅದರ ಮೇಲೆ ರುಜು ಹಾಕಿಸಿ, ತಾರೀಕು ಬರೆದು, ಗೋಡೆಯ ತಂತಿಗೆ ಚುಚ್ಚುತ್ತಿದ್ದರು.

"ಕಾಗ್ದ ನಮ್ದು, ತಂತಿ ನಿಮ್ದಾ?" ಅಂತ ರೇಗಿಸುತ್ತಿದ್ದೆ.

"ಒಂದ್ ಹಾಳೆಗೂ ಜಗಳ ಆಡ್ತೀಯಲ್ಲ ಕಣಕ್ಕ! ಇರ್ಲಿ ಬುಡು, ಯಾವತ್ತೋ ಯಾರೋ ಕೇಳ್ತಾರೆ."

ನಮ್ಮ ಲೇಬಲ್ಲಿನ ಮೇಲೆ ಲಕ್ಷ್ಮಿ ಇದ್ದಳು. ಕಾಲಿಗೆ ಸಿಕ್ಕಬಾರದು ಅಂತ ಪ್ರತಿ ಸಲ ಕಬ್ಬು ಮುಗಿದಾಗ ಉಳಿದ ಲೇಬಲ್ಲು, ಪ್ರೆಸ್ಸಿನ ಚೀಟಿ ಎಲ್ಲಕ್ಕೂ ಕುಂಕುಮ ಹಾಕಿ ಆಲೆಮನೆಯ ಒಲೆಗೆ ಕೊಡುತ್ತಿದ್ದೆ. ನನ್ನ ಕೈಯಾರೆ.

ಹೋದ ವರ್ಷ ಯಾರೋ ಹೆಂಗಸು ಮೈಸೂರಿನಿಂದ ಹುಡುಕಿಕೊಂಡು ಬಂದಳು. ಕೈಯಲ್ಲಿ ಬೆಲ್ಲದ ಚೀಲ. "ನಿಮ್ ಬೆಲ್ಲ ತಿಂದು ನಮ್ ಮಗೀಗೆ ಮೂರ್ ದಿನ ವಾಂತಿ ಕಣಮ್ಮ" ಅಂದಳು. ಚೀಲದ ಮೇಲೆ ಅತ್ತೆಯ ಹೆಸರು. ಒಳಗಿನ ಬೆಲ್ಲ ಸುಣ್ಣದ ಹಾಗೆ ಬೆಳ್ಳಗೆ. ಅದು ನಮ್ಮದಲ್ಲ.

ನಮ್ಮ ವ್ಯಾಪಾರ ನೋಡಿಕೊಳ್ಳುವ ಮೊಮ್ಮಗಳು ಫೋನಿನಲ್ಲಿ ಹುಡುಕಿದಳು. "ಅಜ್ಜಿ, ನಮ್ ಹೆಸ್ರಲ್ಲಿ ಯಾರೋ ಮೊದ್ಲೇ ವೆಬ್‌ಸೈಟ್ ಮಾಡ್ಕಂಡವ್ರೆ." ತೋರಿಸಿದಳು. ಕೊಪ್ಪರಿಗೆಯ ಮುಂದೆ ನಾನೇ ನಿಂತಿದ್ದೆ! ಆ ಫೋಟೋ ಯಾರು, ಯಾವಾಗ ತೆಗೆದರೋ. ಅವತ್ತಿನಿಂದ ಆಲೆಮನೆಗೆ ಯಾರು ಬಂದರೂ ಮೊದಲು ಅವರ ಕೈ ನೋಡುತ್ತಿದ್ದೆ, ಫೋನು ಹಿಡಿದಿದ್ದಾರಾ ಅಂತ.

ಆಮೇಲೆ ಆ ವೆಬ್‌ಸೈಟ್ ಮಾಡಿಕೊಂಡವನ ಕರೆ ಬಂತು. ಜೋರಿಲ್ಲ, ಕೋಪವಿಲ್ಲ, ಎಣ್ಣೆ ಸವರಿದಂಥ ದನಿ. "ಆ ಹೆಸರು ಈಗ ನಮ್ಮದು ಮೇಡಂ. ನೀವು ಬೇರೆ ಇಟ್ಕೊಳ್ಳಿ. ಇಲ್ಲಾಂದ್ರೆ ಕೇಸು ನಿಮ್ಮ ಮೇಲೇ ಬೀಳುತ್ತೆ." ಸತ್ತ ಅತ್ತೆಯನ್ನು ಯಾರೋ ಮನೆಯಿಂದ ಹೊತ್ತುಕೊಂಡು ಹೋದ ಹಾಗಾಯಿತು.

ಮಂಡ್ಯದ ವಕೀಲರು, ದೂರು ಕೊಡೋಣ, ಆದರೆ ಹೆಸರು ಮೊದಲಿನಿಂದ ನಿಮ್ಮದೇ ಅನ್ನುವುದಕ್ಕೆ ಹಳೇ ಕಾಗದ ತನ್ನಿ ಅಂದರು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಎಲ್ಲ ಬೂದಿಯಾಗಿತ್ತು.

ಮದ್ದೂರಿಗೆ ಓಡಿದೆವು. ಪ್ರೆಸ್ಸಿನ ಬಾಗಿಲು ಮುಚ್ಚಿತ್ತು. ಕಿಟಕಿಯಲ್ಲಿ ಇಣುಕಿದರೆ ಮಿಷನ್ ಇದ್ದ ಕಡೆ ಎಣ್ಣೆಯ ಕಲೆ. ತಂತಿಯ ಗೋಡೆ ಬೋಳು. ಎಲ್ಲ ಗುಜರಿಗೆ ಹೋಯಿತು ಅಂದರು ಪಕ್ಕದವರು.

ಅವರ ಮನೆಗೆ ಹೋದರೆ ಪ್ರೆಸ್ಸಿನಣ್ಣ ಮಂಚ ಹಿಡಿದಿದ್ದರು. ಉಸಿರು ಕುಂಯ್ ಅನ್ನುತ್ತಿತ್ತು. ವಿಷಯ ಕೇಳಿ ನಕ್ಕರು.

"ಈಗ ತಂತಿ ಯಾರ್ದಕ್ಕ?"

"ನಿಮ್ದೇ ಕಣಣ್ಣ, ನಿಮ್ದೇ."

"ಮಿಷನ್ನು ಕೊಟ್ಟೆ. ಕಾಗ್ದ ಕೊಡ್ತೀನಾ? ಮಂಚದ್ ಕೆಳ್ಗೆ ಟ್ರಂಕ್ ಎಳಿಯವ್ವ" ಅಂದರು ನನ್ನ ಮೊಮ್ಮಗಳಿಗೆ.

ಅರ್ಧ ಟ್ರಂಕು ಬಗೆದ ಮೇಲೆ ಸಿಕ್ಕಿತು ನಮ್ಮ ಮೊಟ್ಟಮೊದಲ ಲೇಬಲ್ಲು. ಲಕ್ಷ್ಮಿ, ಹೆಸರು, ಅವರ ಕೈಬರಹದ ತಾರೀಕು. ಕೆಳಗೆ ನೀಲಿ ಶಾಯಿಯಲ್ಲಿ ಒಂದು ಹೆಬ್ಬೆಟ್ಟು. ಓದು ಬಾರದ ನಮ್ಮತ್ತೆ ಒಪ್ಪಿಗೆಯೆಂದು ಒತ್ತಿದ್ದು. ಅದರ ಹಿಂದೆ ವರ್ಷವರ್ಷದ್ದೂ ಇದ್ದವು. ಅದೇ ವಾರ ಪ್ರೆಸ್ಸಿನಣ್ಣ ಮಂಚದ ಮೇಲೇ ಎದ್ದು ಕೂತು, ವಕೀಲರು ಬರೆದು ತಂದ ಹೇಳಿಕೆಗೆ ರುಜು ಹಾಕಿದರು. ಅಕ್ಷರ ನಡುಗಲಿಲ್ಲ.

ಹೋದ ವಾರ ತೀರ್ಪು ಬಂತು. ಹೆಸರು ನಮ್ಮದೇ! ಮೊಮ್ಮಗಳು ನನ್ನನ್ನು ಎತ್ತಿ ತಿರುಗಿಸಿದಳು. ಬಿಸಿ ಬೆಲ್ಲ ಕಟ್ಟಿಕೊಂಡು ಮದ್ದೂರಿಗೆ ಹೋದೆ. ಪ್ರೆಸ್ಸಿನಣ್ಣನ ಮನೆ ಮುಂದೆ ಜನ ಬಿಳಿ ಟೋಪಿ ಹಾಕಿಕೊಂಡು ನಿಂತಿದ್ದರು. ಅವತ್ತು ಬೆಳಗಿನ ಜಾವ ಅವರ ಉಸಿರು ನಿಂತಿತ್ತು. ಅವರ ಹೆಂಡತಿ ಬೆಲ್ಲದ ಗಂಟನ್ನು ಮಡಿಲಲ್ಲಿಟ್ಟುಕೊಂಡು, "ನೆನ್ನೆನೂ ಕೇಳುದ್ರು ಕಣಕ್ಕ, ಬೆಲ್ಲದಕ್ಕನ ಹೆಸ್ರು ಬಂತಾ ಅಂತ" ಅಂದರು.

ನಿನ್ನೆ ಹೊಸ ಚೀಲ ಅಚ್ಚಾಗಿ ಬಂದವು. ಮೊದಲನೆಯದನ್ನು ತೆಗೆದಿಟ್ಟು ಮೊಮ್ಮಗಳ ಕೈಲಿ ತಾರೀಕು ಬರೆಸಿದೆ. ಗೋಡೆಗೆ ತಂತಿ ಹೊಡೆಸಿದ್ದೇನೆ. ನನಗೆ ರುಜು ಬರುತ್ತದೆ. ಆದರೂ ಹೆಬ್ಬೆರಳಿಗೆ ನೀಲಿ ಶಾಯಿ ಹಚ್ಚಿ ಒತ್ತಿ, ಚುಚ್ಚಿದೆ. ಉಗುರಿಗೆ ಹತ್ತಿದ ಶಾಯಿಯನ್ನು ಇನ್ನೂ ತೊಳೆದಿಲ್ಲ.