ಅಕ್ಕನಿಲ್ಲದ ಊರು

ಮೈಸೂರಿನ ಮನೆಯಲ್ಲಿ ದಿನಾ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮುನ್ನ ಅಕ್ಕ ನನ್ನ ಜಡೆ ಹೆಣೆಯುತ್ತಿದ್ದಳು, ಎರಡೂ ಹುಬ್ಬು ಹಣೆಗೆ ಹತ್ತಿಬಿಡುವಷ್ಟು ಬಿಗಿಯಾಗಿ. ಆ ಕಾಲದ ಫೋಟೊಗಳಲ್ಲೆಲ್ಲ ನಾನು ಏನೋ ಸುದ್ದಿ ಕೇಳಿ ಬೆರಗಾದವಳಂತೆ ಕಾಣುತ್ತೇನೆ. ಅಮ್ಮ ಬೇಗ ತೀರಿಕೊಂಡಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕನೇ ನನ್ನನ್ನು ಸಾಕಿದಳು. ನನ್ನ ಲಂಗದ ಬಣ್ಣ, ಕಾಲೇಜಿನ ವಿಷಯ, ಕೊನೆಗೆ ನೋಡಲು ಬಂದ ಗಂಡು, ಎಲ್ಲವೂ ಅವಳ ಜರಡಿಯಲ್ಲಿ ಸೋಸಿಯೇ ನನ್ನ ಕೈಸೇರಿದವು. ಗಂಡನ ವಿಷಯದಲ್ಲಿ ಅವಳ ಆಯ್ಕೆ ಸರಿಯಾಗಿಯೇ ಇತ್ತೆಂದು ಒಪ್ಪಬೇಕು.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಮಗೆ ಆಸ್ಟ್ರೇಲಿಯಾದ ಪಿಆರ್, ಅಂದರೆ ಅಲ್ಲಿ ಕಾಯಂ ನೆಲೆಸುವ ಪರವಾನಗಿ, ಬಂತು. ಸಿಡ್ನಿಯೋ ಮೆಲ್ಬರ್ನೋ ಎಂಬುದಷ್ಟೇ ಉಳಿದ ಪ್ರಶ್ನೆ. ಈ ಪ್ರಶ್ನೆಯನ್ನು ನೀವೂ ಒಮ್ಮೆ ಅಲ್ಲಿರುವ ನಾಲ್ಕು ಜನರ ಮುಂದಿಟ್ಟು ನೋಡಿ. ಸಿಡ್ನಿಯವರು ಕಡಲನ್ನು ಹೊಗಳುತ್ತಾರೆ, ಮೆಲ್ಬರ್ನಿನವರು ಟ್ರಾಮನ್ನು. ಹೆತ್ತವರಿಗೆ ಹೆಗ್ಗಣ ಮುದ್ದು, ಮಾರ್ಟ್‌ಗೇಜ್ ಕಟ್ಟುವವರಿಗೆ ತಮ್ಮ ಸಬರ್ಬೇ ಮುದ್ದು. ಪಾಪ, ಅಷ್ಟು ದೂರ ಬಂದು ನೆಲೆ ನಿಂತವರು ತಮ್ಮ ಆಯ್ಕೆ ತಪ್ಪೆಂದು ಹೇಗೆ ಒಪ್ಪಿಯಾರು? ಎರಡೂ ಕಡೆ ಕೆಲಸ ಸಿಗುವಂತಿದ್ದ ನನ್ನ ಗಂಡ "ನಿನ್ನಿಷ್ಟ" ಎಂದು ಕೈತೊಳೆದುಕೊಂಡರು.

ಅಕ್ಕನ ಮಟ್ಟಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಆಗಲೇ ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿ ಡಾಕ್ಟರಾಗಿದ್ದ ಅವಳು ತನ್ನ ಮನೆಯಿಂದ ಎರಡು ಮನೆಯಾಚೆ ನಮಗೊಂದು ಬಾಡಿಗೆ ಮನೆ ನೋಡಿಟ್ಟಿದ್ದಳು. ಕಿಟಕಿಯ ಪರದೆಯ ಬಣ್ಣವೂ ನಿಶ್ಚಯವಾಗಿತ್ತು. ಅದನ್ನು ಕೇಳುತ್ತಿದ್ದಂತೆ ನನ್ನ ಹುಬ್ಬುಗಳು ತಾವಾಗಿಯೇ ಮೇಲೇರಿದವು. ಆಗ ನಾವಿದ್ದ ಬೆಂಗಳೂರಿನಿಂದ ಐಎಸ್‌ಡಿ ಮಾಡಿ, ಮೆಲ್ಬರ್ನಿನ ಮನೆ ಬೆಲೆ, ಶಾಲೆ ಎಂದೆಲ್ಲ ಸುತ್ತಿ ಬಳಸಿ ಮಾತಾಡಿದೆ.

"ಅಲ್ಲಿ ಚಳಿ ಕಣೇ, ನಿಂಗೆ ಶೀತ ಆಗತ್ತೆ. ಸುಮ್ನೆ ಇಲ್ಲಿಗೆ ಬಾ," ಎಂದಳು.

"ಅಕ್ಕಾ, ನಿನ್ ಪಕ್ಕದಲ್ಲಿದ್ರೆ ನಾನು ಯಾವತ್ತೂ ಚಿಕ್ಕೋಳೇ."

"ಸರಿ, ಡ್ಯೂಟಿ ಇದೆ, ಇಡ್ತೀನಿ," ಎಂದಳು. ನನಗೆ ಅಳು ಬಂತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ.

ಊರನ್ನು ಆರಿಸುವಾಗ ಜನ ಹವೆ, ಸಂಬಳ, ಶಾಲೆಗಳನ್ನು ತೂಗಿ ನೋಡುತ್ತಾರೆ. ನಾನು ತೂಗಿದ್ದು ದೂರವನ್ನು: ಕಷ್ಟಕಾಲಕ್ಕೆ ಒಂದೇ ಹಗಲಿನಲ್ಲಿ ತಲುಪಬಹುದಾದಷ್ಟು ಹತ್ತಿರ, ಹುಳಿಗೆ ಉಪ್ಪು ಸಾಕೇ ಎಂದು ನೋಡಲು ಬರಲಾಗದಷ್ಟು ದೂರ. ಈ ಲೆಕ್ಕಾಚಾರಕ್ಕೆ ಕೃತಘ್ನತೆ ಎನ್ನುವವರು ಎನ್ನಲಿ. ಅಕ್ಕನ ಮೇಲಿನ ಪ್ರೀತಿ ಉಳಿಯಬೇಕೆಂದೇ ನಾನು ದೂರ ಹೋದೆ, ಇಂದಿಗೂ ಅದೇ ಸರಿ ಎನ್ನುತ್ತೇನೆ.

ತಿಂಗಳುಗಟ್ಟಲೆ ಅವಳ ಫೋನು ಕ್ಷೇಮಸಮಾಚಾರಕ್ಕೇ ಮುಗಿಯುತ್ತಿತ್ತು. ಚಳಿಗಾಲದಲ್ಲಿ ಮೆಲ್ಬರ್ನಿನಂಚಿನ ಕ್ರಾನ್‌ಬರ್ನ್ ಬಡಾವಣೆಯ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟವಳೇ ಅಭ್ಯಾಸಬಲದಿಂದ ನೇರ ಅಡುಗೆಮನೆಗೆ ನಡೆದಳು. ಒಂದು ಕಪಾಟು ತೆರೆದಳು, ತಟ್ಟೆಗಳಿದ್ದವು. ಇನ್ನೊಂದು ತೆರೆದಳು, ಬೇಳೆಕಾಳುಗಳಿದ್ದವು. ಕೊನೆಗೆ ನನ್ನತ್ತ ತಿರುಗಿ, "ಕಾಫಿಪುಡಿ ಎಲ್ಲಿಟ್ಟಿದೀಯೇ?" ಎಂದು ಕೇಳಿದಳು.

"ನೀನು ಕೂತ್ಕೋ ಅಕ್ಕ, ನಾನು ಮಾಡ್ತೀನಿ."

ಕೂತಳು. ನಾನು ಅಡುಗೆ ಮಾಡುವ ಕಡೆ ಅವಳು ಸುಮ್ಮನೆ ಕೂತದ್ದನ್ನು ಅದುವರೆಗೆ ಕಂಡೇ ಇರಲಿಲ್ಲ. ಲೋಟ ಕೈಗಿತ್ತೆ. ಒಂದು ಗುಟುಕು ಕುಡಿದು, "ಡಿಕಾಕ್ಷನ್ ತೆಳು," ಎಂದಳು.

"ಈ ಮನೇಲಿ ಹೀಗೇನೇ."

ಅಕ್ಕ ನನ್ನನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಕುರ್ಚಿಯ ಮೇಲೆ ಕಾಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತು, ಉಳಿದದ್ದನ್ನು ಕುಡಿದು ಮುಗಿಸಿ ಖಾಲಿ ಲೋಟವನ್ನು ನನ್ನ ಮುಂದೆ ಹಿಡಿದಳು.

"ಸರಿಯಮ್ಮ, ನಿನ್ ಮನೆ. ಇನ್ನರ್ಧ ಲೋಟ ಹಾಕು."